ಹಕ್ಕಿ ದೂರವಿರಲಿ, ದುರ್ಬೀನು ಹತ್ತಿರವಿರಲಿ

ಹಳಿಯಾಳದ ನಮ್ಮ ಮನೆಯಲ್ಲಿ ನನ್ನದೊಂದು ಲೆಡ್ಜರ್ ಇದೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿ ಲೆಡ್ಜರ್ ಬರೆದವನಿಗೆ ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಆದರೆ ಈ ಲೆಡ್ಜರಿನಲ್ಲಿ ದುಡ್ಡಿನ ಲೆಕ್ಕವಿಲ್ಲ, ಹಕ್ಕಿಗಳ ಲೆಕ್ಕವಿದೆ. ತಾರೀಖು, ಊರು, ಹಕ್ಕಿಯ ಹೆಸರು, ಎಷ್ಟು ಹೆಜ್ಜೆ ದೂರದಿಂದ ನೋಡಿದೆ, ಎಷ್ಟು ಫೋಟೊ ತೆಗೆದೆ, ಅದರಲ್ಲಿ ಎಷ್ಟು ಚೆನ್ನಾಗಿ ಬಂದವು ಎಂದು ಆರು ಕಾಲಂ ಹಾಕಿಕೊಂಡಿದ್ದೇನೆ.

ಹುಬ್ಬಳ್ಳಿಯಲ್ಲಿ ಏಳನೇ ತರಗತಿ ಮುಗಿಸಿದ ಮೊಮ್ಮಗಳು ಬೇಸಿಗೆ ರಜೆಗೆ ಬಂದವಳು ಈ ಲೆಡ್ಜರ್ ತೆಗೆದು ಓದುತ್ತ ಕುಳಿತಿದ್ದಳು. ಮೊದಲನೇ ಪುಟದಲ್ಲೇ ಅವಳ ಬೆರಳು ನಿಂತಿತು.

"ಅಜ್ಜಾ, ಎಲ್ಲಾ ನೀಲಿ ಶಾಯಿಲೆ ಬರದೀರಿ. ಇದೊಂದ ಸಾಲು ಯಾಕ ಕೆಂಪು?"

ನಾನು ಉತ್ತರ ಕೊಡಲು ಸ್ವಲ್ಪ ತಡ ಮಾಡಿದೆ. ಆ ಸಾಲು ಹೀಗಿದೆ: ಏಪ್ರಿಲ್ 2010. ಹಳಿಯಾಳ. ಟಿಟ್ಟಿಭ. ದೂರ 3 ಹೆಜ್ಜೆ. ಫೋಟೊ 22. ಮೊಟ್ಟೆ 4, ಉಳಿದದ್ದು 0.

ಅವಳಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಆ ಕೆಂಪು ಸಾಲು

ನಾನು ನಿವೃತ್ತನಾದದ್ದು 2009ರಲ್ಲಿ. ಮಗ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಡಿಸಿದ. ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟು ಸಣ್ಣದು. ದೂರದ್ದನ್ನು ಮೂರು ಪಟ್ಟು ಹತ್ತಿರ ತರುವ ಜೂಮ್ ಅದರಲ್ಲಿತ್ತು. ಬೆಳಗಿನ ವಾಕಿಂಗ್ ಜೊತೆಗೆ ಹಕ್ಕಿ ನೋಡುವ ಹುಚ್ಚೂ ಹತ್ತಿತು. ಆದರೆ ಮೂರು ಪಟ್ಟಿನ ಜೂಮಿನಲ್ಲಿ ಹಕ್ಕಿ ಎಂದರೆ ಒಂದು ಚುಕ್ಕೆ. ಹಾಗಾಗಿ ಹಕ್ಕಿಯ ಹತ್ತಿರ ಹತ್ತಿರ ಹೋಗುವುದೇ ನನ್ನ ಕಸರತ್ತಾಯಿತು.

ಆ ಏಪ್ರಿಲ್ ತಿಂಗಳ ಒಂದು ದಿನ ಊರ ಹೊರಗೆ, ಉಳುಮೆ ಮಾಡದೆ ಬಿಟ್ಟ ಹೊಲದಲ್ಲಿ ಒಂದು ಜೋಡಿ ಟಿಟ್ಟಿಭ ನನ್ನನ್ನು ಕಂಡು ಚೀರಾಡತೊಡಗಿದವು. ಹುಡುಕಿದರೆ ಬರೀ ನೆಲದ ಮೇಲೆ, ಹರಳುಗಳ ನಡುವೆ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯುತ್ತಿರಲಿಲ್ಲ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬಿಸಿಲು ಜೋರಾದಾಗ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು ಒಂದೇ, ಒಳ್ಳೆಯ ಫೋಟೊ ಸಿಕ್ಕಿತು ಎಂಬುದು.

ಹತ್ತು ನಿಮಿಷ ಕುಳಿತು, ಬಗ್ಗಿ, ಇಪ್ಪತ್ತೆರಡು ಫೋಟೊ ತೆಗೆದೆ. ಎದ್ದು ಹೊರಟಾಗ ಎರಡೂ ಹಕ್ಕಿಗಳು ನನ್ನ ತಲೆಯ ಮೇಲೆ ಎರಗುತ್ತ, ಕೂಗುತ್ತ, ರಸ್ತೆಯವರೆಗೆ ನನ್ನನ್ನು ಅಟ್ಟಿಕೊಂಡು ಬಂದವು. ತಿರುಗಿ ನೋಡಿದೆ. ಬೇವಿನ ಮರದ ಮೇಲಿದ್ದ ಕಾಗೆ ನನ್ನನ್ನು ಮೊದಲಿನಿಂದಲೂ ನೋಡುತ್ತಿತ್ತೋ ಏನೋ, ನಾನು ಕುಳಿತಿದ್ದ ಜಾಗಕ್ಕೇ ಇಳಿಯಿತು. ಓಡಿ ಹೋಗುವಷ್ಟರಲ್ಲಿ ಎರಡು ಮೊಟ್ಟೆ ಒಡೆದಿದ್ದವು. ಮರುದಿನ ರಸ್ತೆಯಲ್ಲೇ ನಿಂತು ನೋಡಿದೆ. ಅಲ್ಲಿ ಏನೂ ಇರಲಿಲ್ಲ, ಹಕ್ಕಿಗಳೂ ಇರಲಿಲ್ಲ.

ಬ್ಯಾಂಕಿನಲ್ಲಿ ಲೆಕ್ಕ ತಪ್ಪಿದರೆ ರಾತ್ರಿ ಎಂಟು ಗಂಟೆಯಾದರೂ ಕುಳಿತು ಸರಿ ಮಾಡಿಯೇ ಮನೆಗೆ ಹೋಗುತ್ತಿದ್ದೆವು. ಇದನ್ನು ಸರಿ ಮಾಡುವ ದಾರಿ ಇರಲಿಲ್ಲ. ಕೆಂಪು ಶಾಯಿಯಲ್ಲಿ ಬರೆದಿಟ್ಟೆ. ಕ್ಯಾಮೆರಾ ಆರು ತಿಂಗಳು ಬೀರುವಿನಲ್ಲೇ ಇತ್ತು.

ಒಂಟಿ ಕಣ್ಣಿನ ದುರ್ಬೀನು

ಅದನ್ನು ಮತ್ತೆ ಹೊರಗೆ ತೆಗೆಸಿದವರು ಧಾರವಾಡದ ಹಿರಿಯ ಗೆಳೆಯರೊಬ್ಬರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು. ಮೊಣಕಾಲು ನೋವಿನಿಂದ ಕಾಡು ಸುತ್ತುವುದನ್ನು ಬಿಟ್ಟ ಮೇಲೆ ತಮ್ಮ ಸ್ಪಾಟಿಂಗ್ ಸ್ಕೋಪನ್ನು ನನಗೆ ಅರ್ಧ ಬೆಲೆಗೆ ಕೊಟ್ಟರು. ಸ್ಪಾಟಿಂಗ್ ಸ್ಕೋಪ್ ಎಂದರೆ ಒಂಟಿ ಕಣ್ಣಿನ ದೊಡ್ಡ ದುರ್ಬೀನು. ಕೈಯಲ್ಲಿ ಹಿಡಿದು ನೋಡುವಂಥದ್ದಲ್ಲ, ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಬೇಕು. ನನ್ನದರ ಮುಂದಿನ ಗಾಜು 60 ಮಿಲಿಮೀಟರ್ ಅಗಲ. ದೂರದ್ದನ್ನು 20 ಪಟ್ಟಿನಿಂದ 60 ಪಟ್ಟಿನವರೆಗೆ ಹಿಗ್ಗಿಸುತ್ತದೆ.

"ನಿಮ್ಮ ಕ್ಯಾಮೆರಾ ಕಣ್ಣಿದ್ದಂತೆ, ಇದು ಚಷ್ಮಾ ಇದ್ದಂತೆ. ಕಣ್ಣಿನ ಬದಲಿಗೆ ಕ್ಯಾಮೆರಾ ಇಟ್ಟು ನೋಡ್ರಿ" ಎಂದರು.

ಇದು ಅವರ ಸ್ವಂತ ಯೋಚನೆಯಲ್ಲ. ಮಲೇಷ್ಯಾದ ಲಾರೆನ್ಸ್ ಪೋ ಎಂಬ ಹಕ್ಕಿಪ್ರಿಯರು 1999ರಲ್ಲಿ, ಆಗ ಹೊಸದಾಗಿ ಬಂದಿದ್ದ ನಿಕಾನ್ ಕೂಲ್‌ಪಿಕ್ಸ್ 950 ಎಂಬ ಪುಟ್ಟ ಕ್ಯಾಮೆರಾವನ್ನು ತಮ್ಮ ಸ್ಕೋಪಿನ ಕಣ್ಣಿಗೆ ಹಿಡಿದು ಗುಂಡಿ ಒತ್ತಿದರು. ಚಿತ್ರ ಬಂದೇಬಿಟ್ಟಿತು. ದೊಡ್ಡ ಲೆನ್ಸಿಗೆ ಲಕ್ಷಗಟ್ಟಲೆ ಸುರಿಯಲಾರದ ಹಕ್ಕಿ ವೀಕ್ಷಕರಿಗೆಲ್ಲ ಅದೊಂದು ಹೊಸ ದಾರಿಯಾಯಿತು. ಇದಕ್ಕೆ ಡಿಜಿಸ್ಕೋಪಿಂಗ್ ಎಂಬ ಹೆಸರೂ ಬಂತು.

ಅದಕ್ಕೆ ನೂರು ವರ್ಷ ಹಿಂದೆ ನಮ್ಮ ಜಿಲ್ಲೆಯಲ್ಲಿ ಏನಿತ್ತು ಗೊತ್ತೇ ಮಕ್ಕಳೇ? ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಇಲ್ಲಿ ಕಲೆಕ್ಟರ್ ಆಗಿದ್ದ ಜೆ. ಡೇವಿಡ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಈ ಜಿಲ್ಲೆಯ ಹಕ್ಕಿಗಳ ಬಗ್ಗೆ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದರು. ಆ ಕಾಲದಲ್ಲಿ ಹಕ್ಕಿಯನ್ನು ಖಚಿತವಾಗಿ ಗುರುತಿಸಬೇಕೆಂದರೆ ಕೋವಿಯಿಂದ ಹೊಡೆದು ಕೈಯಲ್ಲಿ ಹಿಡಿದು ನೋಡುವುದೇ ಪದ್ಧತಿ. ಇಂದು ನೂರು ಮೀಟರ್ ದೂರದಲ್ಲಿ ಕುಳಿತು ಹಕ್ಕಿಯ ಕಣ್ಣಿನ ಬಣ್ಣ ನೋಡಬಹುದು. ಹಕ್ಕಿಗೆ ನಾವು ಬಂದದ್ದೂ ಗೊತ್ತಾಗುವುದಿಲ್ಲ.

ಒಂದಿಷ್ಟು ಗುಣಾಕಾರ

ಬಿ.ಕಾಂ. ಓದಿದವನಿಗೆ ಬೆಳಕಿನ ಶಾಸ್ತ್ರ ಎಲ್ಲಿಂದ ಬರಬೇಕು? ಆದರೆ ಗುಣಾಕಾರ, ಭಾಗಾಕಾರ ಬರುತ್ತದೆ. ಇದಕ್ಕೆ ಅಷ್ಟೇ ಸಾಕು.

ಹಕ್ಕಿ 100 ಮೀಟರ್ ದೂರದಲ್ಲಿದೆ. ಸ್ಕೋಪ್ 20 ಪಟ್ಟು ಹಿಗ್ಗಿಸುತ್ತದೆ. 100ನ್ನು 20ರಿಂದ ಭಾಗಿಸಿರಿ. ಹಕ್ಕಿ 5 ಮೀಟರ್ ದೂರದಲ್ಲಿ ಕುಳಿತಂತೆ ಕಾಣುತ್ತದೆ. ಕ್ಯಾಮೆರಾ ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ, ನನ್ನ ಕ್ಯಾಮೆರಾದ ಜೂಮನ್ನು 70 ಮಿಲಿಮೀಟರಿಗೆ ಸಮನಾದ ಕಡೆ ನಿಲ್ಲಿಸಿದರೆ, 70 ಗುಣಿಸು 20, ಅಂದರೆ 1400 ಮಿಲಿಮೀಟರ್ ಲೆನ್ಸ್ ಹಾಕಿದಂತಾಯಿತು. ಸಫಾರಿ ಜೀಪಿನಲ್ಲಿ ಕೆಲವರು ತೊಡೆಯ ಮೇಲೆ ಇಟ್ಟುಕೊಂಡಿರುವ ಫಿರಂಗಿಯಂಥ ಲೆನ್ಸ್‌ಗಳು ಹೆಚ್ಚಾಗಿ 600 ಮಿಲಿಮೀಟರಿನವು.

"ಹಂಗಾದ್ರ 60 ಪಟ್ಟು ಇಟ್ಟಬಿಡ್ರಿ, ಇನ್ನೂ ದೊಡ್ಡದ ಕಾಣ್ತದ!" ಎಂದಳು ಮೊಮ್ಮಗಳು. ನಾನೂ ಮೊದಲು ಹಾಗೇ ಮಾಡಿದ್ದೆ. ಬಂದದ್ದೆಲ್ಲ ಕಪ್ಪು ಕಪ್ಪು, ಮಸುಕು ಮಸುಕು.

ಕಾರಣ ಇಷ್ಟೇ. ಸ್ಕೋಪನ್ನು ಬಯಲಿನ ಬೆಳಕಿಗೆ ತಿರುಗಿಸಿ, ಒಂದು ಮೊಳ ದೂರದಿಂದ ಅದರ ಕಣ್ಣನ್ನು ನೋಡಿದರೆ ಅಲ್ಲೊಂದು ಬೆಳಕಿನ ಚಿಕ್ಕ ಬಿಲ್ಲೆ ಕಾಣುತ್ತದೆ. ಮನೆಯ ಸಾಮಾನ್ಯ ದುರ್ಬೀನಿನಲ್ಲೂ ಇದನ್ನು ನೋಡಬಹುದು. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಈ ಬಿಲ್ಲೆಯ ಅಗಲ ಸಿಗುತ್ತದೆ. 60ನ್ನು 20ರಿಂದ ಭಾಗಿಸಿದರೆ 3 ಮಿಲಿಮೀಟರ್. 60ನ್ನು 60ರಿಂದ ಭಾಗಿಸಿದರೆ ಬರೀ 1 ಮಿಲಿಮೀಟರ್. ಅಗಲ ಮೂರನೇ ಒಂದು ಪಾಲಾದರೆ ಬೆಳಕು ಒಂಬತ್ತನೇ ಒಂದು ಪಾಲಾಗುತ್ತದೆ. ಒಂದು ಲೋಟ ಹಾಲನ್ನು ಒಂಬತ್ತು ಲೋಟಕ್ಕೆ ಹಂಚಿದ ಹಾಗೆ. ಹಕ್ಕಿ ದೊಡ್ಡದಾಯಿತು, ಬೆಳಕು ತೆಳ್ಳಗಾಯಿತು. ಜೊತೆಗೆ ಕೈ ಒಂದಿಷ್ಟು ನಡುಗಿದರೂ ಆ ನಡುಕವೂ 60 ಪಟ್ಟು! ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇಲ್ಲಿಯೇ ಪುಟ್ಟ ಕ್ಯಾಮೆರಾದ ಲಾಭ ಇರುವುದು. ಆ 3 ಮಿಲಿಮೀಟರ್ ಬೆಳಕಿನ ಬಿಲ್ಲೆ ಅದರ ಸಣ್ಣ ಲೆನ್ಸಿನೊಳಗೆ ಪೂರ್ತಿ ಸೇರಿಕೊಳ್ಳುತ್ತದೆ. ದೊಡ್ಡ ಕ್ಯಾಮೆರಾದ ದಪ್ಪ ಲೆನ್ಸನ್ನು ಹಾಗೆ ಹೊಂದಿಸುವುದು ಕಷ್ಟ, ಭಾರವೂ ಹೆಚ್ಚು. ಸಣ್ಣದರಲ್ಲೂ ಮೊದಲು ಚಿತ್ರದ ಸುತ್ತ ಬಾವಿಯ ಬಾಯಿಯಂತೆ ಕಪ್ಪು ಉಂಗುರ ಕಾಣುತ್ತದೆ. ಗಾಬರಿ ಬೇಡ. ಕ್ಯಾಮೆರಾದ ಜೂಮನ್ನು ನಿಧಾನಕ್ಕೆ ಮುಂದೆ ತಂದರೆ ಆ ಉಂಗುರ ಅಂಚಿಗೆ ಸರಿದು ಮಾಯವಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಕು.

ನಲ್ಲಿ ರಿಪೇರಿಯಲ್ಲ

ಕ್ಯಾಮೆರಾವನ್ನು ಬರಿಗೈಯಲ್ಲಿ ಸ್ಕೋಪಿನ ಕಣ್ಣಿಗೆ ಹಿಡಿಯುವುದು ಸೂಜಿಗೆ ದಾರ ಪೋಣಿಸುವಂಥ ಕೆಲಸ. ಒಂದು ಕೂದಲೆಳೆ ಸರಿದರೂ ಚಿತ್ರ ಕತ್ತಲು. ಅದಕ್ಕೆಂದೇ ಜೋಡಣೆಯ ಕೊಳವೆಗಳು ಸಿಗುತ್ತವೆ. ಹಳಿಯಾಳದ ಪೇಟೆಯಲ್ಲಿ ನನಗೆ ಸಿಕ್ಕಿದ್ದು ಪಿವಿಸಿ ಪೈಪಿನ ಕಪ್ಲಿಂಗ್. ಅಂಗಡಿಯಲ್ಲಿ ನಿಂತು ಹತ್ತಾರು ಕಪ್ಲಿಂಗುಗಳನ್ನು ಸ್ಕೋಪಿಗೆ ತೊಡಿಸಿ ನೋಡಿದೆ. ಒಂದು ತುಣುಕು ಸರಿಯಾಗಿ ಕೂತಿತು. ಒಳಗೆ ಹೊಳಪು ಬೀಳದಂತೆ ಕಪ್ಪು ಕಾಗದ, ಬಿಗಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು.

"ಎಲ್ಲಿ ನಲ್ಲಿ ರಿಪೇರಿಗೆ ಹೊಂಟೀರಿ?" ಎಂದು ನಮ್ಮ ಮನೆಯವರು ಕೇಳಿದರು.

ಒಂದು ಎಚ್ಚರ. ಇಂಥ ಕ್ಯಾಮೆರಾ ಆನ್ ಮಾಡಿದಾಗ ಲೆನ್ಸ್ ಮೂತಿಯಂತೆ ಹೊರಗೆ ಬರುತ್ತದೆ, ಜೂಮ್ ಮಾಡಿದರೆ ಇನ್ನೂ ಮುಂದೆ ಬರಬಹುದು. ನಾನು ಅಳತೆ ನೋಡದೆ ತೊಡಿಸಿ ಆನ್ ಮಾಡಿದೆ. ಮೂತಿ ಸ್ಕೋಪಿನ ಗಾಜಿಗೆ ತಾಗಿ ಕರ್ರ್ ಎಂದು ನಿಂತಿತು. ಪುಣ್ಯಕ್ಕೆ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಸರಿಹೋಯಿತು. ಆದ್ದರಿಂದ ಲೆನ್ಸ್ ಪೂರ್ತಿ ಹೊರಬಂದಾಗಲೂ ಗಾಜಿಗೆ ತಾಗದಷ್ಟು ಸಂದು ಇರಲಿ.

ನನ್ನ ಕ್ರಮ ಹೀಗೆ. ಸ್ಟ್ಯಾಂಡನ್ನು ಆದಷ್ಟು ಗಿಡ್ಡವಾಗಿ ನಿಲ್ಲಿಸುತ್ತೇನೆ, ಅಲುಗದಂತೆ ಮರಳಿನ ಚೀಲ ತೂಗುಹಾಕುತ್ತೇನೆ. ಸ್ಕೋಪನ್ನು 20 ಪಟ್ಟಿನಲ್ಲೇ ಇಟ್ಟು, ಕಣ್ಣಿನಿಂದ ನೋಡಿ ಹಕ್ಕಿ ಸ್ಪಷ್ಟವಾಗುವವರೆಗೆ ತಿರುಗಿಸುತ್ತೇನೆ. ಆಮೇಲೆ ಕ್ಯಾಮೆರಾ ತೊಡಿಸುವುದು. ಫ್ಲ್ಯಾಶ್ ಬಂದ್. ಹತ್ತಿರದ್ದನ್ನು ತೆಗೆಯಲು ಹೂವಿನ ಗುರುತು ಇರುತ್ತದಲ್ಲ, ಅದನ್ನು ಆನ್ ಮಾಡಿದರೆ ನನ್ನ ಕ್ಯಾಮೆರಾ ಬೇಗ ಹೊಂದಿಕೊಳ್ಳುತ್ತದೆ. ಕೊನೆಗೆ ಎರಡು ಸೆಕೆಂಡಿನ ಟೈಮರ್. ಗುಂಡಿ ಒತ್ತಿ ಕೈ ತೆಗೆದುಬಿಡುವುದು. ನಡುಕ ನಿಂತ ಮೇಲೆ ಕ್ಯಾಮೆರಾ ತಾನೇ ಚಿತ್ರ ತೆಗೆಯುತ್ತದೆ. ಬೆಳಿಗ್ಗೆ ಒಂಬತ್ತೂವರೆಯೊಳಗೆ ಕೆಲಸ ಮುಗಿಯಬೇಕು. ಆಮೇಲೆ ನೆಲದಿಂದ ಬಿಸಿಲಿನ ಝಳ ಏಳುತ್ತದೆ, ಹಕ್ಕಿ ನೀರಿನೊಳಗೆ ಇದ್ದಂತೆ ಅಲುಗುತ್ತದೆ.

ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಸ್ಕೋಪನ್ನಾಗಲಿ ದುರ್ಬೀನನ್ನಾಗಲಿ ಸೂರ್ಯನ ಕಡೆ ತಿರುಗಿಸಿ ಎಂದೂ ನೋಡಬೇಡಿ. ಕಣ್ಣು ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು.

ನೀಲಕಂಠನ ಪಾಠಶಾಲೆ

ನನ್ನ ಮೊದಲ ಪಾಠ ಹಳಿಯಾಳದ ಹೊಲಗಳಲ್ಲೇ ಆಯಿತು. ಗುರು ನೀಲಕಂಠ, ನಮ್ಮ ಕರ್ನಾಟಕದ ರಾಜ್ಯಪಕ್ಷಿ. ಕರೆಂಟಿನ ತಂತಿಯ ಮೇಲೆ ಕುಳಿತರೆ ಬಹಳ ಹೊತ್ತು ಅಲುಗಾಡುವುದಿಲ್ಲ, ಕೆಳಗೆ ಹುಳ ಕಂಡಾಗ ಮಾತ್ರ ಇಳಿಯುತ್ತದೆ, ತಿಂದು ಮತ್ತೆ ತಂತಿಗೇ ಬರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹಕ್ಕಿಯಿಲ್ಲ. ಪುಟಪುಟನೆ ಜಿಗಿಯುವ ಸಣ್ಣ ಹಕ್ಕಿಗಳು ಈ ವಿಧಾನಕ್ಕೆ ಒಗ್ಗುವುದಿಲ್ಲ. ಸ್ಕೋಪ್ ತಿರುಗಿಸುವಷ್ಟರಲ್ಲಿ ಅವು ಬೇರೆ ಮರದಲ್ಲಿರುತ್ತವೆ.

ಮುಂದಿನ ಪಾಠ ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯಲ್ಲಿ. ಮುಂಡಗೋಡದಿಂದ ಸುಮಾರು 15 ಕಿಲೋಮೀಟರ್ ದೂರದ ಪಕ್ಷಿಧಾಮ ಅದು. ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು ಜಾಗ, ನಡುವೆ ಜಲಾಶಯ. ನೀರಿನ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಕರಿತಲೆಯ ಕೆಂಬರಲು, ಚಮಚಕೊಕ್ಕು ಎಲ್ಲ ಸಂಸಾರ ಮಾಡುತ್ತವೆ. ನಾವು ದಂಡೆಯಲ್ಲಿ, ಅವು ನೀರಿನ ಆಚೆ. ಹತ್ತಿರ ಹೋಗಬೇಕೆಂದರೂ ಆಗದು. ಸ್ಕೋಪ್ ಇರುವವರಿಗೆ ಮಾಡಿಸಿಟ್ಟ ಜಾಗ.

ಒಂದು ನವೆಂಬರಿನ ಬೆಳಿಗ್ಗೆ ಅಲ್ಲಿ 112 ಫೋಟೊ ತೆಗೆದೆ. ಒಂಬತ್ತು ಚೆನ್ನಾಗಿ ಬಂದವು. ನೂರಕ್ಕೆ ಎಂಟು! ಫಿಕ್ಸೆಡ್ ಡೆಪಾಸಿಟ್ ಬಡ್ಡಿಯ ಹಾಗೆ ಎಂದುಕೊಂಡು ಖುಷಿಪಟ್ಟೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಒಂದು ಚಮಚಕೊಕ್ಕಿನ ಕೊಕ್ಕು ಕಪ್ಪಗಿದೆ, ತುದಿಯಲ್ಲಿ ಹಳದಿ. ಪಕ್ಕದ್ದರ ಕೊಕ್ಕು ನಸುಗೆಂಪು, ರೆಕ್ಕೆಯ ತುದಿ ಕಪ್ಪು. ಬೇರೆ ಜಾತಿಯೋ ಎಂದು ಧಾರವಾಡದ ಗೆಳೆಯರಿಗೆ ಕಳಿಸಿದೆ. "ಅದು ಇದರ ಮರಿ ರೀ, ಈಗಷ್ಟೇ ದೊಡ್ಡದಾಗಲಿಕ್ಕೆ ಹತ್ತೇದ" ಎಂದು ಉತ್ತರ ಬಂತು. ದಂಡೆಯಲ್ಲಿ ನಿಂತಾಗ ಕಣ್ಣಿಗೆ ಎರಡೂ ಬರೀ ಬಿಳಿ. ಫೋಟೊದ ಉಪಯೋಗ ಇದು. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ನಾವು ಬ್ಯಾಂಕಿನಲ್ಲಿ ಹೇಳುತ್ತಿದ್ದೆವಲ್ಲ, ಹಾಗೆ.

ಮುಂಡಗೋಡ ತಾಲ್ಲೂಕಿನಲ್ಲಿ 1966ರಿಂದ ಟಿಬೆಟಿಯನ್ನರ ದೊಡ್ಡ ವಸಾಹತು ಇದೆ. ಅಂದು ಅಲ್ಲಿಂದ ಮೂವರು ಪುಟ್ಟ ಸನ್ಯಾಸಿಗಳು, ಕಂದು ಕೆಂಪು ಬಟ್ಟೆಯವರು, ಪಕ್ಷಿಧಾಮ ನೋಡಲು ಬಂದಿದ್ದರು. ನನ್ನ ಪೈಪಿನ ಯಂತ್ರ ನೋಡಿ ಸುಮ್ಮನೆ ನಿಂತರು. ಕ್ಯಾಮೆರಾ ಬಿಚ್ಚಿ ಒಬ್ಬೊಬ್ಬರಿಗೆ ತೋರಿಸಿದೆ. ಎಲ್ಲರಿಗಿಂತ ಚಿಕ್ಕವನು ಸ್ಕೋಪಿಗೆ ಕಣ್ಣಿಟ್ಟವನೇ ಅಚ್ಚ ಕನ್ನಡದಲ್ಲಿ ಕೂಗಿದ: "ಅಜ್ಜಾ, ಬಾಯಾಗ ಚಮಚ ಐತಿ!"

ಸ್ಕೋಪ್ ಬೇಡವಾದ ಜಾಗ

ಎಲ್ಲ ಕಡೆ ಸ್ಕೋಪ್ ಬೇಕೆಂದೂ ಇಲ್ಲ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ಪ್ರವಾಸಿ ತಂಗುದಾಣವಿದೆ. ಮ್ಯಾಗಜಿನ್ ಎಂದರೆ ಇಲ್ಲಿ ಪತ್ರಿಕೆಯಲ್ಲ, ಮದ್ದುಗುಂಡಿನ ಕೋಠಿ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಒಡೆಯುವ ಸಿಡಿಮದ್ದು ಇಡುತ್ತಿದ್ದ ಜಾಗ ಅದು. ಸಿಡಿಮದ್ದು ಇದ್ದ ಕಡೆ ಈಗ ಹಕ್ಕಿಗಳಿಗೆ ನೀರಿನ ಬೋಗುಣಿಗಳಿವೆ. ಬೇಸಿಗೆಯ ಮಧ್ಯಾಹ್ನ ಮರೆಯಲ್ಲಿ ಸುಮ್ಮನೆ ಕುಳಿತರೆ ಪಚ್ಚೆ ಬಣ್ಣದ ಪಾರಿವಾಳ, ಉದ್ದ ಬಾಲದ ರಾಜಹಕ್ಕಿ, ಕೆಂಪು ಗಂಟಲಿನ ಪಿಕಳಾರ ತಾವಾಗಿಯೇ ಸ್ನಾನಕ್ಕೆ ಬರುತ್ತವೆ. ಅಲ್ಲಿ ನನ್ನ ಸ್ಕೋಪಿಗೆ ಹಕ್ಕಿ ತೀರಾ ಹತ್ತಿರವಾಗಿ ಚಿತ್ರ ಹೊಂದುವುದೇ ಇಲ್ಲ. ಕ್ಯಾಮೆರಾ ಒಂದೇ ಸಾಕು. ಹಕ್ಕಿ ತಾನಾಗಿ ನಮ್ಮ ಹತ್ತಿರ ಬರುವುದಕ್ಕೂ ನಾವು ಅದರ ಹತ್ತಿರ ನುಗ್ಗುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕುಳಿತಾಗ ತಿಳಿಯಿತು.

ದಾಂಡೇಲಿಯ ಮಂಗಟ್ಟೆ

ಕೆಂಪು ಸಾಲಿನ ಕಥೆ ಕೇಳಿದ ಮೊಮ್ಮಗಳು ಎರಡು ದಿನ ಅದರ ಮಾತೆತ್ತಲಿಲ್ಲ. ಮೂರನೇ ದಿನ, "ದಾಂಡೇಲಿಗೆ ಹೋಗಿ ಮಂಗಟ್ಟೆ ಹಕ್ಕಿ ನೋಡೋಣು" ಎಂದಳು. ಏಪ್ರಿಲ್ ನಡುವಿನ ದಿನಗಳು. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು.

ಹಾರ್ನ್‌ಬಿಲ್ ಎಂಬ ಮಂಗಟ್ಟೆ ಹಕ್ಕಿಗಳಲ್ಲಿ ನಾಲ್ಕು ಜಾತಿ ದಾಂಡೇಲಿ ಸುತ್ತಮುತ್ತ ಇವೆ. ದೊಡ್ಡ ಮಂಗಟ್ಟೆ, ಕಪ್ಪು ಬಿಳುಪಿನ ಮಲಬಾರ್ ಮಂಗಟ್ಟೆ, ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ, ನಕ್ಕಂತೆ ಕೂಗುವ ಬೂದು ಮಂಗಟ್ಟೆ, ಬಯಲುಸೀಮೆಯಲ್ಲೂ ಕಾಣುವ ಇನ್ನೊಂದು ಬೂದು ಮಂಗಟ್ಟೆ. ಪೇಟೆಗೆ ಹತ್ತಿರದ ಟಿಂಬರ್ ಡಿಪೋ ಕಡೆಯ ಮರಗಳಲ್ಲೂ ಕಪ್ಪು ಬಿಳುಪಿನವು ಕಾಣಸಿಗುತ್ತವೆ. 2011ರಲ್ಲಿ ಸರ್ಕಾರ ಇಲ್ಲಿ ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಪ್ರದೇಶ ಘೋಷಿಸಿತು. ನಮ್ಮ ಕಾಡಿನ ಹುಲಿ ಮೀಸಲು ಪ್ರದೇಶಕ್ಕೆ 2015ರಿಂದ ಕಾಳಿ ನದಿಯದೇ ಹೆಸರು.

ಈ ಹಕ್ಕಿಯ ಸಂಸಾರ ವಿಚಿತ್ರ. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಹಿಕ್ಕೆ, ಮಣ್ಣುಗಳಿಂದ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳೂ ಉದುರಿ ಹೊಸದಾಗಿ ಬೆಳೆಯುತ್ತವೆ. ಅಷ್ಟು ದಿನ ತಾಯಿಗೂ ಮರಿಗೂ ಊಟ ಎಂದರೆ ಗಂಡು ತಂದುಕೊಟ್ಟದ್ದು. ಅತ್ತಿ, ಬಸರಿ, ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು ಒಂದೊಂದಾಗಿ ಸೀಳಿನೊಳಗೆ ಇಡುತ್ತದೆ. ಗಂಡು ಹೆದರಿ ಬಾರದಿದ್ದರೆ ಒಳಗಿರುವವರಿಗೆ ಉಪವಾಸ.

ಪರಿಚಯದ ಅರಣ್ಯ ಸಿಬ್ಬಂದಿಯೊಬ್ಬರು ರಸ್ತೆಯಿಂದಲೇ ಕಾಣುವ ಒಂದು ಗೂಡನ್ನು ತೋರಿಸಿ ತಮ್ಮ ಕೆಲಸಕ್ಕೆ ಹೋದರು. ಅದು ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಆಗಲೇ ಮರದ ಬುಡದಲ್ಲಿ ಏಳೆಂಟು ಜನ ಪ್ರವಾಸಿಗರು ಮೊಬೈಲು, ಕ್ಯಾಮೆರಾ ಎತ್ತಿ ನಿಂತಿದ್ದರು. ನಾವೂ ಅವರ ಹಿಂದೆ ನಿಂತೆವು. ಗಂಡು ಬಂತು. ಪಕ್ಕದ ಮರದಲ್ಲಿ ಕುಳಿತು ಕತ್ತು ಓರೆ ಮಾಡಿ ನೋಡಿತು. ಗೂಡಿನ ಕಡೆ ಹಾರಿ, ಅರ್ಧ ದಾರಿಯಲ್ಲಿ ತಿರುಗಿ ಹೋಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಬಂತು, ಮತ್ತೆ ತಿರುಗಿತು.

ಮೊಮ್ಮಗಳು ನನ್ನ ಅಂಗಿ ಜಗ್ಗಿದಳು. "ಅಜ್ಜಾ, ಅದು ಒಳಗ ಕೊಡವಲ್ದು. ನಾವ ನಿಂತೀವಂತ. ನಡೀರಿ, ಹಿಂದ ಹೋಗೋಣು."

ಫೋಟೊಕ್ಕೆಂದು ನಸುಕಿನಲ್ಲಿ ಎದ್ದು ಬಂದವಳು ಅವಳು. ನಾನು ಹೇಳಬೇಕಾದ ಮಾತನ್ನು ಅವಳೇ ಹೇಳಿದ್ದಳು.

ರಸ್ತೆಯ ಆಚೆ, ಬಿದಿರು ಮೆಳೆಯ ಹಿಂದಕ್ಕೆ ಹೆಜ್ಜೆ ಎಣಿಸುತ್ತ ಹೋದೆವು. 150 ಹೆಜ್ಜೆ. ಅಲ್ಲಿ ಸ್ಕೋಪ್ ನಿಲ್ಲಿಸಿ ಕುಳಿತೆವು. ಉಳಿದವರಿಗೂ ಹೇಳೋಣ ಎಂದು ನಾನು ಹೋದೆ. ಒಬ್ಬ ಹುಡುಗ, "ಹೌದ್ರಿ ಅಂಕಲ್, ಪಾಪ" ಎಂದು ತನ್ನ ಜೊತೆಯವರನ್ನು ಕರೆದುಕೊಂಡು ಹೊರಟ. ಉಳಿದವರಿಗೆ ನನ್ನ ಮಾತು ಹಿಡಿಸಲಿಲ್ಲ. ಆದರೆ ನಾಷ್ಟಾದ ಹೊತ್ತಾದ್ದರಿಂದ ಅವರೂ ಜೀಪು ಹತ್ತಿದರು. ಮರದ ಬುಡ ಖಾಲಿಯಾಯಿತು.

ಸುಮಾರು ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ರೆಕ್ಕೆಯ ಸದ್ದು. ಗಂಡು ಪಕ್ಕದ ಮರದ ಬೋಳು ಕೊಂಬೆಯ ಮೇಲೆ ಕುಳಿತಿತು. ಮೊಮ್ಮಗಳು ಟೈಮರ್ ಒತ್ತಿ ಕೈ ತೆಗೆದಳು. ಒತ್ತಿದಳು, ಕೈ ತೆಗೆದಳು. ಹದಿನೇಳು ಸಲ. ಹಕ್ಕಿ ಗೂಡಿನತ್ತ ಹಾರಿದಾಗ ತಾನೇ ಕ್ಯಾಮೆರಾ ಬಿಚ್ಚಿ ಬದಿಗಿಟ್ಟಳು. ಗೂಡಿನ ಫೋಟೊ ತೆಗೆಯುವುದಿಲ್ಲ ಎಂಬುದು ಕೆಂಪು ಸಾಲಿನ ನಂತರ ನನ್ನ ಲೆಡ್ಜರಿನ ನಿಯಮ. ಸ್ಕೋಪಿಗೆ ಸರದಿಯಂತೆ ಕಣ್ಣಿಟ್ಟೆವು. ಸೀಳಿನಿಂದ ಹೆಣ್ಣಿನ ಕೊಕ್ಕಿನ ತುದಿ ಹೊರಬಂತು. ಗಂಡು ಕತ್ತು ಅಲುಗಿಸಿ ಗಂಟಲಿನಿಂದ ಹಣ್ಣು ತೆಗೆದು ಕೊಟ್ಟಿತು. ಇನ್ನೊಂದು. ಮತ್ತೊಂದು. ಅವಳು ಪಿಸುಮಾತಿನಲ್ಲಿ ಎಣಿಸಿದಳು. ಹದಿನಾಲ್ಕು ಹಣ್ಣು.

ಮನೆಗೆ ಬಂದು ನೋಡಿದರೆ ಹದಿನೇಳರಲ್ಲಿ ಎರಡು ಫೋಟೊ ಚೆನ್ನಾಗಿದ್ದವು. ಒಂದರಲ್ಲಿ ಹಕ್ಕಿಯ ಕೆಂಪು ಕಣ್ಣು, ಕೊಕ್ಕಿನ ಮೇಲಿನ ಶಿರಸ್ತ್ರಾಣದಂಥ ಭಾಗದ ಕಪ್ಪು ಪಟ್ಟೆ ಎರಡೂ ಸ್ಪಷ್ಟ. ಈ ಜಾತಿಯ ಗಂಡಿಗೆ ಕೆಂಪು ಕಣ್ಣು. ಹೆಣ್ಣಿಗೆ ಕಣ್ಣಿನ ಸುತ್ತಲ ಚರ್ಮ ಬಿಳಿಚಿದ ಗುಲಾಬಿ. ಪುಸ್ತಕ ತೆರೆದು ಅವಳೇ ಹೊಂದಿಸಿ ನೋಡಿ, "ಗಂಡs ಐತಿ" ಎಂದು ತೀರ್ಪು ಕೊಟ್ಟಳು.

ಬೀರುವಿನಲ್ಲಿರುವ ಕ್ಯಾಮೆರಾ

ಅಜ್ಜ ಅಜ್ಜಿಯಂದಿರೇ, ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಇಂಥ ಪುಟ್ಟ ಕ್ಯಾಮೆರಾಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಮಲಗಿವೆ. ಒಮ್ಮೆ ತೆಗೆದು ನೋಡಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಬಳಸಬೇಡಿ, ಬೇರೆ ಹಾಕಿಸಿ. ಸ್ಕೋಪ್ ಇಲ್ಲದಿದ್ದರೆ ಸಾಮಾನ್ಯ ದುರ್ಬೀನಿನ ಒಂದು ಕಣ್ಣಿಗೆ ಹಿಡಿದರೂ ಆಗುತ್ತದೆ, ಅದನ್ನು ಅಲುಗದಂತೆ ಕಟ್ಟಿ ನಿಲ್ಲಿಸಿದರಾಯಿತು. ಮೊಬೈಲಿನಿಂದಲೂ ಇದೇ ರೀತಿ ತೆಗೆಯಬಹುದು. ಅಂಗಳದ ತೆಂಗಿನ ಗರಿಯ ಮೇಲೆ ಕುಳಿತ ಕಾಗೆಯಿಂದಲೇ ಶುರುಮಾಡಿ. ಅಭಯಾರಣ್ಯ, ಪಕ್ಷಿಧಾಮಗಳಿಗೆ ಹೋದಾಗ ಮೊದಲು ಅರಣ್ಯ ಇಲಾಖೆಯವರ ಅನುಮತಿ ಕೇಳಿ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಅದನ್ನು ಕರೆಯಬೇಡಿ. ಹಕ್ಕಿ ನಿಮ್ಮನ್ನು ನೋಡಿ ತನ್ನ ಕೆಲಸ ನಿಲ್ಲಿಸಿತು ಎಂದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ಹಿಂದೆ ಸರಿಯಿರಿ.

ಎಪ್ಪತ್ತೈದರಲ್ಲಿ ನನಗೆ ಕಾಡಿನಲ್ಲಿ ಹಕ್ಕಿಯ ಹಿಂದೆ ಓಡಲಾಗದು. ಈ ವಿಧಾನದಲ್ಲಿ ಓಡುವುದೂ ಬೇಕಿಲ್ಲ. ಕುಳಿತು ಕಾಯಬೇಕು, ಅಷ್ಟೇ. ಕಾಯುವಾಗ ಪಕ್ಕದಲ್ಲಿ ಮೊಮ್ಮಗಳಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅಂದು ರಾತ್ರಿ ಲೆಡ್ಜರನ್ನು ಅವಳ ಕೈಗೆ ಕೊಟ್ಟೆ. ನೀಲಿ ಶಾಯಿಯಲ್ಲಿ ಬರೆದಳು: ದಾಂಡೇಲಿ. ಮಲಬಾರ್ ಮಂಗಟ್ಟೆ, ಗಂಡು. ದೂರ 150 ಹೆಜ್ಜೆ. ಫೋಟೊ 17. ಚೆನ್ನಾಗಿ ಬಂದದ್ದು 2. ಆಮೇಲೆ ಸ್ವಲ್ಪ ಯೋಚಿಸಿ, ಕಾಲಂ ಇಲ್ಲದ ಕಡೆ, ಅಂಚಿನಲ್ಲಿ ಇನ್ನೊಂದು ಲೆಕ್ಕ ಸೇರಿಸಿದಳು: ಹೆಣ್ಣು ತಿಂದ ಹಣ್ಣು 14.